ಯಾವ ಉದಯಗಿರಿ? ಊರ ಹೆಸರುಗಳಿಗೆ ವಂಶಾವಳಿ ಕಟ್ಟುವ ಬಗೆ

ಮೈಸೂರಿನ ಸಿಟಿ ಬಸ್ ಸ್ಟ್ಯಾಂಡ್ ಹತ್ತಿರ ಆಟೊ ಹತ್ತಿ ‘ಉದಯಗಿರಿ’ ಎಂದರೆ ಸಾಕು, ಚೌಕಾಸಿ ನಡೆಯುವುದು ಬಾಡಿಗೆಯ ಬಗ್ಗೆ ಮಾತ್ರ. ಯಾವ ಜಿಲ್ಲೆಯ ಉದಯಗಿರಿ, ಯಾವ ರಾಜ್ಯದ್ದು ಎಂದು ಚಾಲಕ ಕೇಳುವುದಿಲ್ಲ. ಅದೇ ಐದು ಅಕ್ಷರಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ತಬ್ಬಿಬ್ಬಾಗುತ್ತದೆ.

ಅದಕ್ಕೆ ಕಾರಣವೂ ಇದೆ. ಮಧ್ಯಪ್ರದೇಶದ ವಿದಿಶಾ ಬಳಿ ಗುಪ್ತರ ಕಾಲದ ಗುಹೆಗಳ ಉದಯಗಿರಿ ಇದೆ. ಭುವನೇಶ್ವರದಲ್ಲಿ ಖಾರವೇಲನ ಶಾಸನವಿರುವ ಉದಯಗಿರಿ, ಅದೇ ಒಡಿಶಾದ ಜಾಜ್‌ಪುರ ಜಿಲ್ಲೆಯಲ್ಲಿ ಬೌದ್ಧ ನೆಲೆಯ ಉದಯಗಿರಿ, ಕಂಧಮಾಲ್ ಜಿಲ್ಲೆಯಲ್ಲಿ ಜಿ. ಉದಯಗಿರಿ ಇವೆ. ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯ ಉದಯಗಿರಿ ಕೋಟೆಯೊಳಗೆ ಡಚ್ ಸೇನಾನಿ ಡಿ ಲೆನಾಯ್‌ನ ಸಮಾಧಿಯಿದೆ. ಕನ್ನಡಿಗರಿಗೆ ಹೆಚ್ಚು ಪರಿಚಿತವಾದದ್ದು ಆಂಧ್ರದ ನೆಲ್ಲೂರು ಜಿಲ್ಲೆಯ ಉದಯಗಿರಿ. ಕೃಷ್ಣದೇವರಾಯ 1514ರಲ್ಲಿ ಆ ಕೋಟೆಯನ್ನು ಗಜಪತಿಗಳಿಂದ ಗೆದ್ದ. ಅಲ್ಲಿಂದ ತಂದ ಬಾಲಕೃಷ್ಣನ ಮೂರ್ತಿಗಾಗಿಯೇ ಹಂಪಿಯಲ್ಲಿ ಕೃಷ್ಣ ದೇವಾಲಯ ಕಟ್ಟಿಸಿದ. ಸೂರ್ಯ ಹುಟ್ಟುವ ಬೆಟ್ಟ ಎಂಬ ಅರ್ಥದ ಹೆಸರನ್ನು ಯಾವ ಊರಿನವರು ತಾನೇ ಬೇಡವೆನ್ನುತ್ತಾರೆ? ಮೈಸೂರು ನಗರದ ಈಶಾನ್ಯಕ್ಕಿರುವ ಬಡಾವಣೆಯೂ ಆ ಹೆಸರನ್ನೇ ಇಟ್ಟುಕೊಂಡಿದೆ.

ಮನೆಯ ಹಳೆಯ ಫೋಟೊಗಳಿಗೆ ಪಟ್ಟಿ ಮಾಡುವವರು, ಊರಿನ ಗ್ರಂಥಾಲಯದ ಪುಸ್ತಕಗಳನ್ನು ವಿಷಯವಾರು ಜೋಡಿಸುವವರು, ಶಾಸನ ಅಥವಾ ಜಾನಪದ ಹಾಡು ಸಂಗ್ರಹಿಸುವವರು, ಗಿರಾಕಿಗಳ ವಿಳಾಸ ಇಟ್ಟುಕೊಳ್ಳುವ ಅಂಗಡಿಯವರು ಎಲ್ಲರಿಗೂ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ: ಬರಿಯ ಹೆಸರುಗಳ ಪಟ್ಟಿಯನ್ನು ‘ಬಡಾವಣೆ, ನಗರ, ತಾಲ್ಲೂಕು, ಜಿಲ್ಲೆ, ರಾಜ್ಯ, ದೇಶ’ ಎಂಬ ಮೆಟ್ಟಿಲಿಗೆ ಹೊಂದಿಸುವುದು ಹೇಗೆ? ಇಂದು ಇದಕ್ಕೆ ಬೇಕಾದ ಮಾಹಿತಿ ಸೇವೆಗಳು ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತವೆ. ಅವುಗಳ ಸ್ವಭಾವ ತಿಳಿದಿರಬೇಕು, ಅಷ್ಟೆ.

ಪಹಣಿ ಕಲಿಸಿದ ಪಾಠ

ಈ ಜೋಡಣೆ ಕನ್ನಡಿಗರಿಗೆ ಹೊಸದೇನಲ್ಲ. ‘ಭೂಮಿ’ ತಂತ್ರಾಂಶದಲ್ಲಿ ಪಹಣಿ ತೆಗೆದವರೆಲ್ಲ ಇದನ್ನು ಮಾಡಿದ್ದಾರೆ. ಮೊದಲು ಜಿಲ್ಲೆ, ಆಮೇಲೆ ತಾಲ್ಲೂಕು, ಹೋಬಳಿ, ಗ್ರಾಮ, ಕೊನೆಗೆ ಸರ್ವೆ ನಂಬರು. ಜಿಲ್ಲೆಯನ್ನು ಆರಿಸದೆ ತಾಲ್ಲೂಕಿನ ಪಟ್ಟಿ ತೆರೆಯುವುದಿಲ್ಲ. ರಾಜ್ಯದಲ್ಲಿ ಎಷ್ಟು ಹೊಸಹಳ್ಳಿಗಳಿದ್ದರೂ ರೈತನಿಗೆ ತನ್ನ ಹೊಸಹಳ್ಳಿಯ ಪಹಣಿಯೇ ಕೈಗೆ ಬರುವುದು ಈ ಏಣಿಯಿಂದಾಗಿ.

ಅದಕ್ಕೂ ಒಂದು ಶತಮಾನ ಹಿಂದೆ ಬಿ.ಎಲ್. ರೈಸ್ ಇದೇ ಉಪಾಯ ಬಳಸಿದ್ದರು. ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಶಾಸನಗಳನ್ನು ಜಿಲ್ಲೆಗೆ ಸಂಪುಟ, ತಾಲ್ಲೂಕಿಗೆ ಸಂಕೇತಾಕ್ಷರ, ಶಾಸನಕ್ಕೆ ಕ್ರಮಸಂಖ್ಯೆ ಎಂದು ಜೋಡಿಸಿದರು. ಮೈಸೂರು ಜಿಲ್ಲೆಯ ಮೊದಲ ಭಾಗ 1894ರಲ್ಲಿ, ಎರಡನೆಯದು 1898ರಲ್ಲಿ ಬಂತು. ಶಾಸನಕ್ಕೆ ಹೆಸರಿಲ್ಲದಿದ್ದರೂ ತಾಲ್ಲೂಕು ಮತ್ತು ಸಂಖ್ಯೆ ಹೇಳಿದರೆ ವಿದ್ವಾಂಸರಿಗೆ ಇಂದಿಗೂ ಅದು ಯಾವ ಕಲ್ಲು ಎಂದು ಗೊತ್ತಾಗುತ್ತದೆ. ತೊಡಕು ಬಂದದ್ದು ಆಮೇಲೆ. ಮೊದಲ ಭಾಗದಲ್ಲಿದ್ದ ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣಗಳು 1939ರಲ್ಲಿ ಮಂಡ್ಯ ಜಿಲ್ಲೆಗೆ ಹೋದವು. ಎರಡನೆಯ ಭಾಗದಲ್ಲಿದ್ದ ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರುಗಳು 1997ರಲ್ಲಿ ಚಾಮರಾಜನಗರ ಜಿಲ್ಲೆಯಾದವು. ಪುಸ್ತಕದ ಬೆನ್ನಿನ ಮೇಲೆ ಮಾತ್ರ ಇಂದಿಗೂ ‘ಮೈಸೂರು ಜಿಲ್ಲೆ’ ಎಂದೇ ಇದೆ.

ಒಂದೇ ಊರಿಗೆ ನಾಲ್ಕು ಏಣಿ

ಪಟ್ಟಿ ಮಾಡಲು ಕೂತವರು ಮೊದಲು ತೀರ್ಮಾನಿಸಬೇಕಾದದ್ದು ಯಾವ ಏಣಿ ಎಂಬುದನ್ನು. ಉದಯಗಿರಿಯನ್ನೇ ನೋಡಬಹುದು.

ಕಂದಾಯದ ಏಣಿಯಲ್ಲಿ ಅದು ಮೈಸೂರು ನಗರ, ಮೈಸೂರು ತಾಲ್ಲೂಕು, ಮೈಸೂರು ಜಿಲ್ಲೆ, ಮೈಸೂರು ವಿಭಾಗ, ಕರ್ನಾಟಕ ಎಂದು ಹತ್ತುತ್ತದೆ. ಇಲ್ಲಿ ‘ಮೈಸೂರು’ ನಾಲ್ಕು ಸಲ ಬಂತು. ನಾಲ್ಕೂ ಬೇರೆ ಬೇರೆ. ವಿಭಾಗ ಎಂದರೆ ಉಡುಪಿ, ದಕ್ಷಿಣ ಕನ್ನಡವೂ ಸೇರಿದ ಎಂಟು ಜಿಲ್ಲೆಗಳು. 1973ರ ನವೆಂಬರ್ 1ಕ್ಕಿಂತ ಹಿಂದಿನ ಕಾಗದವಾದರೆ ರಾಜ್ಯದ ಹೆಸರೂ ಮೈಸೂರೇ. ‘ಮೈಸೂರು’ ಎಂದಷ್ಟೇ ಬರೆದ ಪಟ್ಟಿ ಉಪಯೋಗಕ್ಕೆ ಬಾರದಿರುವುದು ಇದರಿಂದಲೇ.

ಅಂಚೆಯ ಏಣಿ ಬೇರೆ. ಅಲ್ಲಿ ಉದಯಗಿರಿ ಎಂದರೆ 570019. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡೇ ಒಂದು ಏಣಿ: ಮೊದಲ ಅಂಕಿ ವಲಯ, ಮೊದಲ ಮೂರು ಅಂಕಿಗಳು ಟಪಾಲು ವಿಂಗಡಿಸುವ ಜಿಲ್ಲೆ, ಉಳಿದ ಮೂರು ಬಟವಾಡೆ ಮಾಡುವ ಅಂಚೆ ಕಚೇರಿ. ಆದರೆ 570019 ಉದಯಗಿರಿಗೆ ಮಾತ್ರ ಮೀಸಲಲ್ಲ, ಪಕ್ಕದ ರಾಜೀವ್‌ನಗರಕ್ಕೂ ಅದೇ. ಅಂಚೆಯಣ್ಣನ ಸುತ್ತು ಆಡಳಿತದ ಗಡಿ ನೋಡಿ ಸಾಗುವುದಿಲ್ಲ.

ಚುನಾವಣೆಯ ಏಣಿ ಇನ್ನೂ ಓರೆ. ಉದಯಗಿರಿ ನರಸಿಂಹರಾಜ ವಿಧಾನಸಭಾ ಕ್ಷೇತ್ರದಲ್ಲಿದೆ, ಆ ಕ್ಷೇತ್ರ ಮೈಸೂರು–ಕೊಡಗು ಲೋಕಸಭಾ ಕ್ಷೇತ್ರದಲ್ಲಿದೆ. ಅದೇ ಮೈಸೂರು ಜಿಲ್ಲೆಯ ನಂಜನಗೂಡು, ವರುಣ, ಟಿ. ನರಸೀಪುರ, ಎಚ್.ಡಿ. ಕೋಟೆ ಕ್ಷೇತ್ರಗಳು ಚಾಮರಾಜನಗರ ಲೋಕಸಭೆಗೆ, ಕೆ.ಆರ್. ನಗರ ಮಂಡ್ಯ ಲೋಕಸಭೆಗೆ ಸೇರಿವೆ. ಒಂದು ಜಿಲ್ಲೆ, ಮೂವರು ಸಂಸದರು. ಜಿಲ್ಲೆಯ ಕೆಳಗೆ ಲೋಕಸಭಾ ಕ್ಷೇತ್ರವನ್ನೋ, ಲೋಕಸಭಾ ಕ್ಷೇತ್ರದ ಕೆಳಗೆ ಜಿಲ್ಲೆಯನ್ನೋ ಇಡಲು ಹೋದರೆ ಏಣಿ ಮುರಿಯುತ್ತದೆ.

ನಾಲ್ಕನೆಯದು ಪಾಲಿಕೆ ಮತ್ತು ಪೊಲೀಸರದು. ಮೈಸೂರು ಮಹಾನಗರ ಪಾಲಿಕೆಯ ಲೆಕ್ಕ ನಡೆಯುವುದು 65 ವಾರ್ಡ್ ಮತ್ತು 9 ವಲಯಗಳಲ್ಲಿ. ಉದಯಗಿರಿ ಪೊಲೀಸ್ ಠಾಣೆಯ ಸರಹದ್ದು ಉದಯಗಿರಿ ಬಡಾವಣೆಗಷ್ಟೇ ಸೀಮಿತವಲ್ಲ. ಹಳೆಯ ಮೈಸೂರಿನ ಮೊಹಲ್ಲಾಗಳು, ಅಂದರೆ ನಜರ್‌ಬಾದ್, ಲಷ್ಕರ್, ಮಂಡಿ, ದೇವರಾಜ, ನರಸಿಂಹರಾಜ ಮುಂತಾದವು, ವಿಳಾಸದಲ್ಲಿ ಮತ್ತು ಜನರ ಬಾಯಲ್ಲಿ ಗಟ್ಟಿಯಾಗಿ ಉಳಿದಿವೆ, ವಾರ್ಡಿನ ಪಟ್ಟಿಯಲ್ಲಿ ಅವಕ್ಕೆ ಮೆಟ್ಟಿಲಿಲ್ಲ.

ಬಹುಪಾಲು ಕೆಲಸಗಳಿಗೆ ಕಂದಾಯದ ಏಣಿಯೇ ಬೆನ್ನೆಲುಬು. ಪಿನ್‌ಕೋಡ್, ವಾರ್ಡ್, ಕ್ಷೇತ್ರಗಳನ್ನು ಪಕ್ಕದ ಬೇರೆ ಕಾಲಂಗಳಲ್ಲಿ ಇಟ್ಟುಕೊಂಡರೆ ಗೋಜಲಾಗುವುದಿಲ್ಲ.

ಎಲ್ಲಿ ಹುಡುಕಬೇಕು

ಜಿಯೋನೇಮ್ಸ್: ಸ್ವಿಟ್ಜರ್ಲೆಂಡಿನ ಮಾರ್ಕ್ ವಿಕ್ ಆರಂಭಿಸಿದ ಜಾಗತಿಕ ಸ್ಥಳನಾಮ ಕೋಶ. ಒಂದು ಕೋಟಿಗೂ ಹೆಚ್ಚು ಸ್ಥಳಗಳಿಗೆ ಇಲ್ಲಿ ತಲಾ ಒಂದು ಸಂಖ್ಯೆಯಿದೆ. ಭಾರತ 1269750, ಕರ್ನಾಟಕ 1267701, ಮೈಸೂರು ನಗರ 1262321. ಪ್ರತಿ ಸ್ಥಳಕ್ಕೂ ಅದು ಯಾವ ಬಗೆಯದೆಂಬ ಸಂಕೇತವೂ ಇದೆ: ರಾಜ್ಯಕ್ಕೆ ಎಡಿಎಂ1, ಜಿಲ್ಲೆಗೆ ಎಡಿಎಂ2, ಊರಿಗೆ ಪಿಪಿಎಲ್, ಊರಿನೊಳಗಿನ ಬಡಾವಣೆಗೆ ಪಿಪಿಎಲ್‌ಎಕ್ಸ್. ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಸೇವೆ ‘ಹೈರಾರ್ಕಿ’. ಒಂದು ಸಂಖ್ಯೆ ಕೊಟ್ಟರೆ ಭೂಮಿ, ಏಷ್ಯಾ, ಭಾರತ, ಕರ್ನಾಟಕ ಎಂದು ಮೇಲಿನಿಂದ ಕೆಳಗಿನವರೆಗಿನ ಇಡೀ ಸಾಲನ್ನು ಅದು ಒಪ್ಪಿಸುತ್ತದೆ. ‘ಚಿಲ್ಡ್ರನ್’ ಸೇವೆ ಇದರ ತಿರುವುಮುರುವು. ಜಿಲ್ಲೆಯ ಸಂಖ್ಯೆ ಕೊಟ್ಟರೆ ಅದರ ನೇರ ಕೆಳಗಿನವುಗಳನ್ನು ಪಟ್ಟಿ ಮಾಡುತ್ತದೆ. ಉಚಿತ ಖಾತೆ ತೆರೆದು, ಖಾತೆಯ ಪುಟದಲ್ಲೇ ವೆಬ್ ಸೇವೆಯನ್ನು ಚಾಲೂ ಮಾಡಿಕೊಳ್ಳಬೇಕು. ಈ ಎರಡನೆಯ ಹೆಜ್ಜೆ ಮರೆತವರಿಗೆ ಉತ್ತರದ ಬದಲು ದೋಷದ ಸಂದೇಶ ಬರುತ್ತದೆ. ಬಳಕೆಗೆ ಗಂಟೆಗೆ 1,000, ದಿನಕ್ಕೆ 10,000 ಕ್ರೆಡಿಟ್‌ಗಳ ಮಿತಿಯಿದೆ.

ವಿಕಿಡೇಟಾ: 2012ರ ಅಕ್ಟೋಬರ್‌ನಲ್ಲಿ ಆರಂಭವಾದ, ವಿಕಿಪೀಡಿಯದ ಸೋದರ ಯೋಜನೆ. ಇಲ್ಲಿ ಕರ್ನಾಟಕ ಎಂದರೆ ಕ್ಯೂ1185. ಒಂದು ಸ್ಥಳ ಯಾವ ಆಡಳಿತ ಪ್ರದೇಶದೊಳಗಿದೆ ಎಂದು ಹೇಳುವ ಗುಣದ ಹೆಸರು ಪಿ131. ಅದನ್ನು ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಾ ಹೋಗಬಹುದು. ಅದೇ ಸ್ಥಳದ ಜಿಯೋನೇಮ್ಸ್ ಸಂಖ್ಯೆಯೂ ಪಿ1566 ಎಂಬ ಗುಣದಡಿ ಸಿಗುವುದರಿಂದ ಎರಡೂ ಕೋಶಗಳ ನಡುವೆ ಸೇತುವೆ ತಾನಾಗಿ ಬೀಳುತ್ತದೆ. ಕನ್ನಡದ ಹೆಸರುಗಳನ್ನು ಯಾರು ಬೇಕಾದರೂ ಸೇರಿಸಬಹುದಾದ್ದರಿಂದ ಕನ್ನಡದ ಪಟ್ಟಿಗೆ ಇದು ಹತ್ತಿರದ ನೆಂಟ.

ಓಪನ್‌ಸ್ಟ್ರೀಟ್‌ಮ್ಯಾಪ್: 2004ರಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ, ಜನರೇ ಬಿಡಿಸುವ ನಕ್ಷೆ. ಇದರ ಹುಡುಕಾಟ ಸೇವೆ ನಾಮಿನಾಟಿಮ್. ಬಡಾವಣೆ, ಅಡ್ಡರಸ್ತೆಗಳ ಮಟ್ಟಕ್ಕೆ ಇಳಿಯಬೇಕಾದಾಗ ಇದನ್ನೇ ಮೊದಲು ನೋಡಬೇಕು. ಸಾರ್ವಜನಿಕ ನಾಮಿನಾಟಿಮ್‌ಗೆ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಪ್ರಶ್ನೆ ಕಳಿಸುವಂತಿಲ್ಲ.

ಎಲ್‌ಜಿಡಿ: ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ‘ಲೋಕಲ್ ಗವರ್ನಮೆಂಟ್ ಡೈರೆಕ್ಟರಿ’. ರಾಜ್ಯ, ಜಿಲ್ಲೆ, ತಾಲ್ಲೂಕು, ಗ್ರಾಮ, ಗ್ರಾಮ ಪಂಚಾಯಿತಿ, ನಗರ ಸಂಸ್ಥೆ ಎಲ್ಲಕ್ಕೂ ಪ್ರತ್ಯೇಕ ಸಂಕೇತ ಕೊಟ್ಟಿದೆ. ಕಂದಾಯ ಗ್ರಾಮ ಒಂದು ಏಣಿ, ಗ್ರಾಮ ಪಂಚಾಯಿತಿ ಇನ್ನೊಂದು ಏಣಿ ಎಂದು ಇದು ಮೊದಲೇ ಬೇರ್ಪಡಿಸಿದೆ. ಹಳ್ಳಿಗಳ ಅಧಿಕೃತ ಪಟ್ಟಿ ಬೇಕಾದವರು ಮೊದಲು ಬಡಿಯಬೇಕಾದ ಬಾಗಿಲು ಇದು. ಸರ್ವೆ ನಂಬರಿನವರೆಗೆ ಹೋಗಬೇಕಿದ್ದರೆ ಕರ್ನಾಟಕ ದೂರಸಂವೇದಿ ಅನ್ವಯಿಕ ಕೇಂದ್ರದ ‘ದಿಶಾಂಕ್’ ಆ್ಯಪ್ ಇದೆ. ನಿಂತ ಜಾಗದ ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆಯನ್ನು ಅದು ತೋರಿಸುತ್ತದೆ.

ಇವುಗಳನ್ನು ಬಳಸುವ ಷರತ್ತುಗಳು ಒಂದೇ ಅಲ್ಲ. ವಿಕಿಡೇಟಾದ ಮಾಹಿತಿಗೆ ಕಟ್ಟುಪಾಡಿಲ್ಲ. ಜಿಯೋನೇಮ್ಸ್ ಮತ್ತು ಓಪನ್‌ಸ್ಟ್ರೀಟ್‌ಮ್ಯಾಪ್ ತಮ್ಮ ಹೆಸರು ಹೇಳಬೇಕೆಂದು ಕೇಳುತ್ತವೆ.

ಕೆಲಸಕ್ಕೆ ಇಳಿದಾಗ

ದಾಖಲೆಯಲ್ಲಿ ಇದ್ದಂತೆಯೇ ಬರೆದ ಹೆಸರಿನ ಕಾಲಂ ಒಂದು ಇರಲೇಬೇಕು. ಅದನ್ನು ತಿದ್ದಬಾರದು. ತಿದ್ದಿದ ಹೆಸರು ಪಕ್ಕದ ಕಾಲಂನಲ್ಲಿರಲಿ. ನಮ್ಮ ಊರುಗಳ ಹೆಸರಿಗೆ ವೇಷ ಬಹಳ. ಹೆಗ್ಗಡದೇವನಕೋಟೆ ಒಂದು ಕಡೆ ಎಚ್.ಡಿ. ಕೋಟೆ, ಇನ್ನೊಂದು ಕಡೆ ಹೆಚ್.ಡಿ. ಕೋಟೆ. ತಿರುಮಕೂಡಲು ನರಸೀಪುರ ಒಬ್ಬರಿಗೆ ಟಿ. ನರಸೀಪುರ, ಇನ್ನೊಬ್ಬರಿಗೆ ತಿ. ನರಸೀಪುರ. ‘ಕೆ.ಆರ್.’ ಎಂಬ ಎರಡಕ್ಷರದ ಹಿಂದೆ ನಗರ, ಪೇಟೆ, ಪುರ, ಮೊಹಲ್ಲಾ ಎಲ್ಲವೂ ಅಡಗಿವೆ. ನಜರ್‌ಬಾದ್ ಮತ್ತು ನಜರ್ಬಾದ್ ಓದುವವರಿಗೆ ಒಂದೇ. ಮೊದಲನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಇರುವುದರಿಂದ ಕಂಪ್ಯೂಟರಿಗೆ ಅವು ಬೇರೆ ಊರುಗಳು. ಹೋಲಿಸಿ ನೋಡುವ ಮುನ್ನ ಅಂಥ ಅಕ್ಷರಗಳನ್ನು ತೆಗೆದುಹಾಕಬೇಕು.

ಪ್ರತಿ ಸಾಲಿನಲ್ಲೂ ‘ಮೈಸೂರು ಜಿಲ್ಲೆ, ಕರ್ನಾಟಕ, ಭಾರತ’ ಎಂದು ಬರೆಯುತ್ತ ಹೋಗುವುದು ವ್ಯರ್ಥ ಶ್ರಮ. ಪ್ರತಿ ಸ್ಥಳಕ್ಕೂ ಒಂದು ಸಾಲು, ಆ ಸಾಲಿನಲ್ಲಿ ಅದರ ಸಂಖ್ಯೆ ಮತ್ತು ಅದಕ್ಕಿಂತ ಒಂದೇ ಮೆಟ್ಟಿಲು ಮೇಲಿನ ಸ್ಥಳದ ಸಂಖ್ಯೆ ಇದ್ದರೆ ಸಾಕು. ಉದಯಗಿರಿ ಮೈಸೂರು ನಗರವನ್ನು ತೋರಿಸುತ್ತದೆ, ನಗರ ತಾಲ್ಲೂಕನ್ನು, ತಾಲ್ಲೂಕು ಜಿಲ್ಲೆಯನ್ನು ತೋರಿಸುತ್ತದೆ. ವಂಶವೃಕ್ಷದಲ್ಲಿ ಮಗನ ಹೆಸರಿನ ಮುಂದೆ ಅಪ್ಪನ ಹೆಸರಷ್ಟೇ ಬರೆದರೂ ಮುತ್ತಜ್ಜ ಸಿಕ್ಕೇ ಸಿಗುವಂತೆ. 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣವಾದಾಗ ಇಂಥ ಪಟ್ಟಿಯಲ್ಲಿ ತಿದ್ದಬೇಕಾಗಿ ಬಂದದ್ದು ಒಂದೇ ಒಂದು ಸಾಲು.

ಸಂಖ್ಯೆ ಬರೆಯುವಾಗ ಅದು ಯಾರು ಕೊಟ್ಟ ಸಂಖ್ಯೆ ಎಂಬುದನ್ನೂ ಬರೆಯಬೇಕು. 2011ರ ಜನಗಣತಿಯಲ್ಲಿ ಮೈಸೂರು ಜಿಲ್ಲೆಯ ಸಂಕೇತ 577, ಚಿಕ್ಕಮಗಳೂರಿನದು 570. ಪಿನ್‌ಕೋಡಿನ ಮೊದಲ ಮೂರು ಅಂಕಿ ನೋಡಿದರೆ ಮೈಸೂರಿನದು 570, ಚಿಕ್ಕಮಗಳೂರಿನದು 577. ಎರಡೂ ಜಿಲ್ಲೆಗಳು ಪರಸ್ಪರ ಅಂಗಿ ಬದಲಾಯಿಸಿಕೊಂಡಂತಿವೆ. ಕಾಲಂಗೆ ‘ಸಂಕೇತ’ ಎಂದಷ್ಟೇ ತಲೆಬರಹ ಕೊಟ್ಟವರು ಕಾಫಿ ತೋಟಗಳನ್ನೆಲ್ಲ ಚಾಮುಂಡಿ ಬೆಟ್ಟದ ಕೆಳಗೆ ತಂದು ಇಳಿಸಿಬಿಡಬಹುದು. ಹಾಗೆಯೇ ಕರ್ನಾಟಕಕ್ಕೆ ಜನಗಣತಿಯ ಸಂಖ್ಯೆ 29, ಜಿಯೋನೇಮ್ಸ್‌ನ ರಾಜ್ಯ ಸಂಕೇತ 19.

ನೂರಿನ್ನೂರು ಹೆಸರುಗಳಿದ್ದರೆ ಒಂದೊಂದಾಗಿ ಹುಡುಕುವ ಬದಲು ಓಪನ್‌ರಿಫೈನ್ ಎಂಬ ಉಚಿತ ತಂತ್ರಾಂಶ ಬಳಸಬಹುದು. ಪಟ್ಟಿಯನ್ನು ಅದರೊಳಗೆ ತೆರೆದು ವಿಕಿಡೇಟಾ ಜೊತೆ ತಾಳೆ ನೋಡಲು ಹೇಳಿದರೆ ಪ್ರತಿ ಹೆಸರಿಗೂ ಹೊಂದಬಹುದಾದ ಸ್ಥಳಗಳನ್ನು ಅಂಕದ ಸಮೇತ ಮುಂದಿಡುತ್ತದೆ. ಒಪ್ಪಿಗೆಯಾದ ಹೆಸರುಗಳಿಗೆ ಮೇಲಿನ ಸ್ಥಳ, ಜಿಯೋನೇಮ್ಸ್ ಸಂಖ್ಯೆ, ಅಕ್ಷಾಂಶ ರೇಖಾಂಶಗಳನ್ನು ಹೊಸ ಕಾಲಂಗಳಾಗಿ ತುಂಬಿಕೊಡುತ್ತದೆ. ಬರಿಯ ‘ಉದಯಗಿರಿ’ ಎಂದು ಕೊಟ್ಟರೆ ಗುಹೆಗಳೂ ಕೋಟೆಗಳೂ ಮುಂದಿನ ಸಾಲಿಗೆ ಬಂದು ಕೂರಬಹುದು. ಬಗೆ ‘ಬಡಾವಣೆ’, ಮೇಲಿನ ಸ್ಥಳ ‘ಮೈಸೂರು’ ಎಂಬ ಎರಡು ಸುಳಿವು ಕೊಟ್ಟರೆ ಜರಡಿ ಚೆನ್ನಾಗಿ ಹಿಡಿಯುತ್ತದೆ. ತಂತ್ರಾಂಶ ತಾನಾಗಿ ಒಪ್ಪಿದ ಸಾಲುಗಳನ್ನೂ ಮನುಷ್ಯರು ಒಮ್ಮೆ ಕಣ್ಣಾಡಿಸಲೇಬೇಕು.

ಪರೀಕ್ಷೆಗೆ ಸುಲಭದ ದಾರಿ ಅಕ್ಷಾಂಶ, ರೇಖಾಂಶ. ಮೈಸೂರಿನ ಯಾವ ಬಡಾವಣೆಯೇ ಆಗಲಿ ಅಕ್ಷಾಂಶ 12.2ರಿಂದ 12.4, ರೇಖಾಂಶ 76.5ರಿಂದ 76.8ರೊಳಗೆ ಇರಬೇಕು. 14ರ ಆಚೆ, 79ರ ಆಚೆ ಕಂಡರೆ ಅದು ನೆಲ್ಲೂರಿನ ಕೋಟೆ. 23 ಕಂಡರೆ ವಿದಿಶಾ. ಎರಡು ಅಂಕಿಗಳು ಅದಲುಬದಲಾದರೆ ಉದಯಗಿರಿ ಹೋಗಿ ಬೀಳುವುದು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ. ಪಟ್ಟಿಯನ್ನು ಒಮ್ಮೆ ನಕ್ಷೆಯ ಮೇಲೆ ಚೆಲ್ಲಿ ನೋಡಿದರೆ ಇಂಥ ತಪ್ಪು ಒಂದು ನಿಮಿಷದಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಕಾಲಕ್ಕೊಂದು ಕಾಲಂ

ಮಲೆ ಮಹದೇಶ್ವರ ಬೆಟ್ಟ ಇದ್ದಲ್ಲೇ ಇದೆ. ಅದರ ವಿಳಾಸ ಮಾತ್ರ ಅಲೆದಾಡಿದೆ. 1956ರವರೆಗೆ, ಬೆಟ್ಟ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಾದಾಗ ಮೈಸೂರು ಜಿಲ್ಲೆಗೆ ಬಂತು, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು. ಹನೂರು ಪ್ರತ್ಯೇಕ ತಾಲ್ಲೂಕಾದ ಮೇಲೆ ಬೆಟ್ಟ ಹನೂರಿಗೆ ಹೋಯಿತು. ಮಾದಪ್ಪನ ಹಾಡುಗಳನ್ನು ಬೇರೆ ಬೇರೆ ದಶಕಗಳಲ್ಲಿ ಸಂಗ್ರಹಿಸಿದವರ ಟಿಪ್ಪಣಿಗಳಲ್ಲಿ ಒಂದೇ ಬೆಟ್ಟಕ್ಕೆ ಬೇರೆ ಬೇರೆ ತಾಲ್ಲೂಕು, ಜಿಲ್ಲೆ ಕಂಡರೆ ಅದು ಯಾರ ತಪ್ಪೂ ಅಲ್ಲ. ಕಾಸರಗೋಡಿನದೂ ಇದೇ ಕಥೆ: 1956ರ ತನಕ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ, ಆಮೇಲೆ ಕೇರಳ, 1984ರಲ್ಲಿ ತಾನೇ ಒಂದು ಜಿಲ್ಲೆ.

ಇದಕ್ಕೆ ಪರಿಹಾರ ಎರಡು ಕಾಲಂಗಳು: ಎಂದಿನಿಂದ, ಎಂದಿನವರೆಗೆ. ಮೇಲಿನ ಸ್ಥಳ ಬದಲಾದಾಗ ಹಳೆಯ ಸಾಲನ್ನು ಅಳಿಸದೆ ಮುಕ್ತಾಯದ ವರ್ಷ ಹಾಕಿ, ಕೆಳಗೆ ಹೊಸ ಸಾಲು ಸೇರಿಸಬೇಕು. ವಿಕಿಡೇಟಾದಲ್ಲೂ ಆರಂಭ, ಮುಕ್ತಾಯದ ದಿನಾಂಕ ಸೇರಿಸುವ ಸೌಲಭ್ಯವಿದೆ. ಹೆಸರಿಗೂ ಇದೇ ನಿಯಮ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಕನ್ನಡದಲ್ಲಿ ಮೈಸೂರು ಮೊದಲಿನಿಂದಲೂ ಮೈಸೂರೇ. ಬಿಜಾಪುರ ವಿಜಯಪುರವಾದದ್ದು, ಗುಲ್ಬರ್ಗ ಕಲಬುರಗಿಯಾದದ್ದು ಮಾತ್ರ ಕನ್ನಡದ ಪಟ್ಟಿಗೂ ತಟ್ಟಿದ ಬದಲಾವಣೆ. ಹಳೆಯ ಹೆಸರನ್ನು ‘ಪರ್ಯಾಯ ಹೆಸರು’ ಎಂದು ಉಳಿಸಿಕೊಂಡರೆ ಹುಡುಕುವವರಿಗೆ ನಿರಾಸೆಯಾಗುವುದಿಲ್ಲ.

ಸೇವೆಗಳು ಹಿಂದೆ ಬೀಳುವುದೂ ಉಂಟು. 2011ರ ಜನಗಣತಿಯಲ್ಲಿ ಮೈಸೂರು ಜಿಲ್ಲೆಗೆ ಏಳು ತಾಲ್ಲೂಕು. ಆಮೇಲೆ ಸರಗೂರು, ಸಾಲಿಗ್ರಾಮ ಸೇರಿ ಒಂಬತ್ತಾಗಿವೆ. ಸರಗೂರನ್ನು ಇನ್ನೂ ಎಚ್.ಡಿ. ಕೋಟೆಯೊಳಗೆ, ಸಾಲಿಗ್ರಾಮವನ್ನು ಕೆ.ಆರ್. ನಗರದೊಳಗೆ ತೋರಿಸುವ ಕೋಶ ಸಿಕ್ಕರೆ ಅದರ ಮಾಹಿತಿ ಹಳೆಯದೆಂದು ತಿಳಿಯಬೇಕು. ಜನಗಣತಿಯ ಪಟ್ಟಿಯಲ್ಲಿ ಹೋಬಳಿಯ ಮೆಟ್ಟಿಲೇ ಇಲ್ಲ. ಅದನ್ನು ಪಹಣಿಯಿಂದ ತುಂಬಿಕೊಳ್ಳಬೇಕು.

ಹೆಸರಿನ ಹಂಗೇ ಇಲ್ಲದ ಏಣಿಯೂ ಈಗ ಬಂದಿದೆ. ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ ಡಿಜಿಪಿನ್ ದೇಶವನ್ನು 16 ಚೌಕಗಳಾಗಿ, ಪ್ರತಿ ಚೌಕವನ್ನು ಮತ್ತೆ 16 ಆಗಿ ಹತ್ತು ಸಲ ಒಡೆದು, ಸುಮಾರು ನಾಲ್ಕು ಮೀಟರ್ ಅಗಲದ ಜಾಗಕ್ಕೆ ಹತ್ತು ಅಕ್ಷರದ ಸಂಕೇತ ಕೊಡುತ್ತದೆ. ಮನೆಬಾಗಿಲು ಹುಡುಕಲು ಅದು ಸಾಕು. ಮೊಹಲ್ಲಾದ ಹೆಸರನ್ನೋ ಹೋಬಳಿಯ ಹೆಸರನ್ನೋ ಅದು ಹೇಳುವುದಿಲ್ಲ.

ಇಷ್ಟಾದ ಮೇಲೆ ಉದಯಗಿರಿಯ ಸಾಲು ಹೀಗಿರುತ್ತದೆ. ಹೆಸರು: ಉದಯಗಿರಿ. ಬಗೆ: ನಗರದೊಳಗಿನ ಬಡಾವಣೆ. ಮೇಲಿನ ಸ್ಥಳ: ಮೈಸೂರು ನಗರ, ಜಿಯೋನೇಮ್ಸ್ 1262321. ಪಿನ್‌ಕೋಡ್: 570019. ವಿಧಾನಸಭಾ ಕ್ಷೇತ್ರ: ನರಸಿಂಹರಾಜ. ಕೊನೆಯ ಕಾಲಂನಲ್ಲಿ ಪರಿಶೀಲಿಸಿದ ದಿನಾಂಕ. ಹುಡುಕುವಾಗ ವಿಕಿಡೇಟಾದಲ್ಲೋ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೋ ತಮ್ಮ ಬಡಾವಣೆಗೆ ಕನ್ನಡದ ಹೆಸರಿಲ್ಲದಿರುವುದು ಕಂಡುಬಂದರೆ ಓದುಗರು ಅದನ್ನು ಸೇರಿಸಿಯೇ ಪುಟ ಮುಚ್ಚಲಿ. ಎರಡರಲ್ಲೂ ಖಾತೆ ಉಚಿತ, ಹೆಸರು ಸೇರಿಸಲು ಐದು ನಿಮಿಷ ಸಾಕು.